ಪ್ರಕಾಶಕರು: ಲೇಖಕರೇ

ದುಧನಿಯಲ್ಲಿ ಕನ್ನಡ ಪುಸ್ತಕ ಬರೆಯುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಅಚ್ಚು ಹಾಕಿಸುವುದಕ್ಕೂ ಇಲ್ಲ. ಓದುವವರು ಬೇಕೆಂಬ ಹಟವೊಂದನ್ನು ಬಿಟ್ಟರೆ ಯಾರು ಬೇಕಾದರೂ ಇಲ್ಲಿ ಸಾಹಿತಿಯಾಗಿ ಸುಖವಾಗಿರಬಹುದು. ಸೋಲಾಪುರ–ವಾಡಿ ರೈಲು ಮಾರ್ಗದ ಮೇಲಿರುವ ನಮ್ಮೂರು ಅಕ್ಕಲಕೋಟ ತಾಲ್ಲೂಕಿನದು, ಅಂದರೆ ಮಹಾರಾಷ್ಟ್ರದ್ದು; ಮಾತು ಮಾತ್ರ ಕನ್ನಡ. 1967ರಲ್ಲಿ ಮಹಾಜನ ಆಯೋಗ ಈ ತಾಲ್ಲೂಕನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು ವರದಿ ಬರೆಯಿತು. ವರದಿ ಅಚ್ಚಾಯಿತು. ಕೆಲವರು ಹೊಗಳಿದರು, ಕೆಲವರು ಬೈದರು, ಅದರಂತೆ ಯಾರೂ ನಡೆಯಲಿಲ್ಲ. ಪುಸ್ತಕವೊಂದರ ಹಣೆಬರಹ ಎಂಥದ್ದೆಂದು ನಮ್ಮ ತಾಲ್ಲೂಕಿನವರಿಗೆ ಆಗಲೇ ಗೊತ್ತಾಗಿತ್ತು.

ಇಂಥಲ್ಲಿ ಪ್ರಕಾಶಕ ಎಲ್ಲಿಂದ ಬರಬೇಕು? ಬೆಂಗಳೂರಿನವರಿಗೆ ನಾವು ಮಹಾರಾಷ್ಟ್ರದವರು, ಪುಣೆಯವರಿಗೆ ನಾವು ಕನ್ನಡದವರು. ಆದ್ದರಿಂದ ಬರೆದವನೇ ಪ್ರಕಾಶಕ, ಅವನೇ ಹಮಾಲ, ಅವನೇ ವಸೂಲಿ ಗುಮಾಸ್ತ. ಆದರೆ ಸ್ವಂತ ಹೆಸರು ಎರಡು ಕಡೆ ಬಂದರೆ ಚೆನ್ನಾಗಿ ಕಾಣುವುದಿಲ್ಲ. ಅದಕ್ಕೇ ನಮ್ಮವರು ಹೆಂಡತಿಯ ಹೆಸರಿನಲ್ಲಿ ಪ್ರಕಾಶನ ತೆಗೆಯುತ್ತಾರೆ. ನಾನೂ ಹಾಗೇ ಮಾಡಿದೆ. ಪುಸ್ತಕದ ಎರಡನೇ ಪುಟದಲ್ಲಿ ತನ್ನ ಹೆಸರು ನೋಡಿದ ನಮ್ಮಾಕೆ, "ಇದಕ್ಕ ರೊಕ್ಕ ಹಾಕಿದ್ದು ಯಾರು?" ಎಂದಳು. ನಾನೇ ಎಂದೆ. "ಬಂದ ರೊಕ್ಕ ಯಾರಿಗೆ?" ಎಂದಳು. ಅದು ಬರುವ ಸಂಭವ ಕಡಿಮೆಯಾದ್ದರಿಂದ ಧಾರಾಳವಾಗಿ, ಪ್ರಕಾಶಕರಿಗೆ ಎಂದೆ.

ಸ್ವಂತ ಖರ್ಚಿನಲ್ಲಿ ಪುಸ್ತಕ ಮಾಡುತ್ತಾನೆ ಎಂಬ ಸುದ್ದಿ ಹರಡಿದರೆ ಸಾಕು, ಸಲಹೆ ಕೊಡುವವರು ಮನೆ ಹುಡುಕಿಕೊಂಡು ಬರುತ್ತಾರೆ. ಮುಖಪುಟಕ್ಕೆ ಸಿದ್ಧರಾಮನ ಚಿತ್ರ ಹಾಕು ಎಂದವರುಂಟು, ನನ್ನ ಪುಸ್ತಕ ನಗೆಬರಹ. ಬೇಂದ್ರೆಯವರು ಸೋಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದರಲ್ಲ, 1944ರಿಂದ 56ರವರೆಗೆ? ಅವರ ಎದುರಿನ ಮೊದಲ ಬೆಂಚಿನಲ್ಲೇ ಕೂತಿದ್ದೆ ಎನ್ನುವ ಹಿರಿಯರು ಈ ಭಾಗದಲ್ಲಿ ಎಷ್ಟು ಮಂದಿ ಸಿಕ್ಕಿದ್ದಾರೆಂದರೆ ಆ ಬೆಂಚು ಸೋಲಾಪುರದಿಂದ ಹೋಟಗಿಯವರೆಗೆ ಇದ್ದಿರಬೇಕು. ಅವರೆಲ್ಲರ ಸಲಹೆ ಒಂದೇ: ಮುನ್ನುಡಿ ನಾನು ಬರೆಯುತ್ತೇನೆ.

ಮುನ್ನುಡಿಯ ಗುಟ್ಟು ನನಗೆ ತಿಳಿದದ್ದು ಪ್ರೆಸ್ಸಿನಲ್ಲಿ. ಡೆಮಿ 1/8 ಆಕಾರದ ಪುಸ್ತಕಕ್ಕೆ ಹದಿನಾರು ಪುಟಕ್ಕೊಂದು ಫಾರಂ. ನನ್ನ ಬರಹ 99 ಪುಟಕ್ಕೆ ಬಂದು ನಿಂತಿತು: ಆರು ಫಾರಂ, ಮೇಲೆ ಮೂರು ಪುಟ. ಪ್ರೆಸ್ಸಿನವರು ಹೇಳಿದರು: "ಸರ, ಮೂರು ಪಾನ ಕಡಿಮಿ ಮಾಡ್ರಿ. ಆಗಂಗಿಲ್ಲ ಅಂದ್ರ ಹದಿಮೂರು ಪಾನ ಹೆಚ್ಚಿಗಿ ಬರೀರಿ." ಮೂರು ಪುಟ ಕಡಿಯುವುದು ಸುಲಭ, ಹದಿಮೂರು ಬರೆಯುವುದು ಕಷ್ಟ ಎಂದು ತಿಳಿಯುವವನು ಲೇಖಕನಲ್ಲ. ನನ್ನ ಮೂರು ಪುಟ ಕಡಿಯುವುದಕ್ಕಿಂತ ಬೇರೆಯವರ ಹದಿಮೂರು ಪುಟ ಸೇರಿಸುವುದೇ ಸಲೀಸೆನಿಸಿತು. ಮುನ್ನುಡಿ, ಆಶಯನುಡಿ, ಹಾರೈಕೆ, ಲೇಖಕರ ಅರಿಕೆ, ಪ್ರಕಾಶಕರ ಎರಡು ಮಾತು (ಅದನ್ನೂ ನಾನೇ ಬರೆದೆ, ಪ್ರಕಾಶಕರು ಆಗ ರೊಟ್ಟಿ ಬಡಿಯುತ್ತಿದ್ದರು). ಕನ್ನಡ ಪುಸ್ತಕಗಳಲ್ಲಿ ಇಷ್ಟೊಂದು ನುಡಿಗಳು ಏಕಿರುತ್ತವೆ ಎಂದು ವಿಮರ್ಶಕರು ತಲೆ ಕೆಡಿಸಿಕೊಳ್ಳುತ್ತಾರೆ. ಫಾರಂ ತುಂಬಬೇಕಲ್ಲ.

ತಿದ್ದುವ ವಿಷಯದಲ್ಲಿ ನಮ್ಮ ಪರಂಪರೆಯೇ ಸ್ವಲ್ಪ ಸೊಟ್ಟ. ಬರೆದದ್ದನ್ನು ಅಳಿಸದ ಹೆಗ್ಗಳಿಕೆ ತನ್ನದೆಂದು ಕುಮಾರವ್ಯಾಸ ಹೇಳಿಕೊಂಡ. ಅವನ ಕಾವ್ಯಶಕ್ತಿ ನಮಗ್ಯಾರಿಗೂ ಬರಲಿಲ್ಲ, ಆ ಹೆಗ್ಗಳಿಕೆ ಮಾತ್ರ ಎಲ್ಲರಿಗೂ ಬಂತು. ತಿದ್ದುವವರಾದರೂ ಎಂಥವರು? ರಾಘವಾಂಕ ಹರಿಶ್ಚಂದ್ರ ಕಾವ್ಯ ಬರೆದು ಸೋದರಮಾವನೂ ಗುರುವೂ ಆದ ಹರಿಹರನಿಗೆ ತೋರಿಸಿದನಂತೆ. ಶಿವಭಕ್ತರನ್ನು ಬಿಟ್ಟು ಅರಸನೊಬ್ಬನ ಮೇಲೆ ಬರೆದೆಯಾ ಎಂದು ಹರಿಹರ ಪಾದರಕ್ಷೆ ಎಸೆದನಂತೆ, ಐದು ಹಲ್ಲು ಬಿದ್ದವಂತೆ, ಆಮೇಲೆ ಶಿವಶರಣರ ಮೇಲೆ ಒಂದೊಂದೇ ಕೃತಿ ಬರೆದು ಒಂದೊಂದೇ ಹಲ್ಲು ಮರಳಿ ಪಡೆದನಂತೆ. ಇದು ಕಥೆ. ಆದರೆ ಅವನು ನಮ್ಮ ಸೊನ್ನಲಿಗೆಯ, ಅಂದರೆ ಸೋಲಾಪುರದ, ಸಿದ್ಧರಾಮನ ಚರಿತ್ರೆ ಬರೆದದ್ದು ನಿಜ. ಹೀಗಾಗಿ ನಮ್ಮ ಜಿಲ್ಲೆಗೆ ಕನ್ನಡದ ಒಂದು ದೊಡ್ಡ ಕಾವ್ಯ ಸಿಕ್ಕಿದ್ದು ಒಂದು ಹಲ್ಲಿನ ಲೆಕ್ಕದಲ್ಲಿ ಎಂದು ನಾನು ಹೆಮ್ಮೆಪಡುತ್ತೇನೆ. ಇನ್ನೊಂದು ಮಾತನ್ನೂ ಮರೆಯಬಾರದು: ಹಲ್ಲು ಉದುರಿಸಿದ ಆ ಹರಿಶ್ಚಂದ್ರ ಕಾವ್ಯವನ್ನೇ ಜನ ಇವತ್ತಿಗೂ ಹೆಚ್ಚು ಓದುತ್ತಿರುವುದು. ತಿದ್ದುವವರ ಮಾತು ಕೇಳಬೇಕು, ಎಲ್ಲವನ್ನೂ ಅಲ್ಲ.

ನನಗೆ ಸಿಕ್ಕ ಹರಿಹರ ಸೋಲಾಪುರದ ಪ್ರೆಸ್ಸೊಂದರಲ್ಲಿ ಡಿಟಿಪಿ ಮಾಡುವ ಹುಡುಗ. ಮನೆಮಾತು ಅಪ್ಪಟ ಕನ್ನಡ, ಕಲಿತದ್ದು ಮರಾಠಿ ಶಾಲೆ. ಕನ್ನಡ ಅಕ್ಷರ ಅವನಿಗೆ ಬರುವುದಿಲ್ಲ. ನುಡಿ ತಂತ್ರಾಂಶದಲ್ಲಿ ಟೈಪಾದ ಬರಹ ಅವನ ಯಂತ್ರದಲ್ಲಿ ಯೂನಿಕೋಡಿಗೆ ಇಳಿಯುವಾಗ ಒತ್ತಕ್ಷರಗಳು ಚದುರಿದವು, ಅರ್ಕಾವೊತ್ತುಗಳು ಅನಾಥವಾಗಿ ಸಾಲಿನ ಕೊನೆಯಲ್ಲಿ ನಿಂತವು. "ಒತ್ತು ಹಾರಿ ಹೋಗ್ಯಾವಲ್ಲೋ ತಮ್ಮಾ" ಎಂದೆ. "ನನಗ ಎಲ್ಲಾ ಒಂದ ಥರಾ ಕಾಣಸ್ತಾವ್ರಿ ಸರ. ನೀವು ಬಟ್ಟ ಇಟ್ಟು ತೋರಿಸ್ರಿ, ನಾ ಸರಸ್ತೀನಿ" ಎಂದ. ಬೆರಳಿಟ್ಟು ತೋರಿಸುತ್ತ, ಸಾಲು ತಪ್ಪದಿರಲೆಂದು ಗಟ್ಟಿಯಾಗಿ ಓದುತ್ತ ಹೋದೆ. ಎರಡನೇ ಪ್ರಬಂಧದ ನಡುವೆ ಅವನು ಮೌಸ್ ಬಿಟ್ಟು ನಕ್ಕ. ನಾಲ್ಕನೆಯದರಲ್ಲಿ, "ಸರ, ಈ ಮಾತು ಹಿಂದ ಒಮ್ಮಿ ಹೇಳೀರಲ್ರಿ?" ಎಂದ. ಹೇಳಿದ್ದೆ. ಐದನೆಯದಕ್ಕೆ ಆಕಳಿಸಿ ಫೋನ್ ತೆಗೆದ. ಪಿಎಚ್.ಡಿ. ಮಾಡಿದ ಮೂವರು ಮುನ್ನುಡಿಕಾರರು ಹುಡುಕದ ದೋಷಗಳನ್ನು ಅಕ್ಷರ ಬಾರದವನು ಒಂದು ಮಧ್ಯಾಹ್ನದಲ್ಲಿ ಹುಡುಕಿಕೊಟ್ಟ. ಐದನೆಯದನ್ನು ಪೂರಾ ತೆಗೆಸಿದೆ. ಮತ್ತೆ ಫಾರಂ ಲೆಕ್ಕ ತಪ್ಪಿತು. ಹಾರೈಕೆಯ ಅಕ್ಷರ ದಪ್ಪ ಮಾಡಿಸಿದೆ.

ಎಷ್ಟು ಪ್ರತಿ ಹಾಕಿಸಬೇಕು ಎಂಬುದಕ್ಕೆ ಮಾತ್ರ ನಾನು ಯಾರ ಸಲಹೆಯನ್ನೂ ಕೇಳಲಿಲ್ಲ. ಹಿಂದೆ ಸಾವಿರ ಎಂಬುದೊಂದು ಸಂಪ್ರದಾಯವಿತ್ತು. ಆಫ್‌ಸೆಟ್ಟಿನ ಪ್ಲೇಟ್ ಖರ್ಚು ನೂರಕ್ಕೂ ಅಷ್ಟೇ, ಸಾವಿರಕ್ಕೂ ಅಷ್ಟೇ. ಆದ್ದರಿಂದ ಸಾವಿರ ಹಾಕಿಸಿ ಮಂಚದ ಕೆಳಗೆ ಇಡುವುದು. ನಮ್ಮ ಕಡೆಯ ಕವಿಯೊಬ್ಬರ ಮನೆಯಲ್ಲಿ ಕಟ್ಟು ಬಿಚ್ಚದ ಸಂಕಲನಗಳ ಮೇಲೆ ಟಿವಿ ಕೂತಿರುವುದನ್ನು ನೋಡಿದ್ದೇನೆ. ಈಗ ಡಿಜಿಟಲ್ ಮುದ್ರಣದಲ್ಲಿ ಐವತ್ತು, ನೂರು ಪ್ರತಿಯನ್ನೂ ಹಾಕಿಕೊಡುತ್ತಾರೆ. ಪ್ರತಿಗೆ ಖರ್ಚು ಹೆಚ್ಚು, ಆದರೆ ಮಂಚದ ಕೆಳಗೆ ಜಾಗ ಉಳಿಯುತ್ತದೆ. ಐಎಸ್‌ಬಿಎನ್ ಎಂಬ ಹದಿಮೂರು ಅಂಕಿಯನ್ನು ದಿಲ್ಲಿಯ ರಾಜಾ ರಾಮಮೋಹನ ರಾಯ್ ಹೆಸರಿನ ಏಜೆನ್ಸಿ ಪುಕ್ಕಟೆ ಕೊಡುತ್ತದೆ. ಅದನ್ನು ಕೊಡಿಸುತ್ತೇನೆಂದು ರೊಕ್ಕ ಕೇಳುವವರಿಗೆ ಚಹಾ ಕುಡಿಸಿ ಕಳಿಸಬೇಕು.

ಪುಕ್ಕಟೆ ಎಂದಾಗ ನೆನಪಾಯಿತು. ಹತ್ತನೇ ಶತಮಾನದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದಳು. ದೊಡ್ಡ ಕೆಲಸ, ಕೈಮುಗಿಯಬೇಕು. ಆದರೆ ಪುಸ್ತಕ ಎಂದರೆ ಗೌರವ ಪ್ರತಿ ಎಂಬ ಕಲ್ಪನೆ ಅಂದಿನಿಂದ ಕನ್ನಡಿಗರ ರಕ್ತದಲ್ಲಿ ಇಳಿದಿದೆಯೇನೋ ಎಂಬ ಸಂಶಯ ನನಗಿದೆ. ನಮ್ಮ ತಾಲ್ಲೂಕಿಗೆ ಇನ್ನೊಂದು ಕಾರಣವೂ ಉಂಟು. ಇಲ್ಲಿಯ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿಗೆ ಪಠ್ಯಪುಸ್ತಕ ಅಚ್ಚು ಮಾಡುವುದು ಪುಣೆಯ ಬಾಲಭಾರತಿ. ಎಂಟನೆಯ ತರಗತಿಯವರೆಗೆ ಮಕ್ಕಳಿಗೆ ಅದು ಬಿಟ್ಟಿ. ಕನ್ನಡ ಪುಸ್ತಕಕ್ಕೆ ದುಡ್ಡು ಕೊಡಬೇಕೆಂಬ ಸಂಗತಿಯೇ ಗೊತ್ತಿಲ್ಲದೆ ಬೆಳೆದವರನ್ನು ನಾನು ಹೇಗೆ ಬೈಯಲಿ? ಬಿಡುಗಡೆಯ ದಿನ ಅತಿಥಿಗಳಿಗೆ ಶಾಲಿನ ಬದಲು ಸೋಲಾಪುರದ ಚಾದರ ಹೊದಿಸಿದೆವು. ಚಾದರದ ಬೆಲೆ ಎಷ್ಟೆಂದು ಎಲ್ಲರೂ ಕೇಳಿದರು, ಪುಸ್ತಕದ್ದನ್ನು ಯಾರೂ ಕೇಳಲಿಲ್ಲ.

ಕರ್ನಾಟಕದಲ್ಲಾದರೆ ಗ್ರಂಥಾಲಯ ಇಲಾಖೆಯ ಸಗಟು ಖರೀದಿ ಎಂಬ ದೈವವುಂಟು. ಅದು ಯಾವಾಗ ಒಲಿಯುತ್ತದೆಂದು ಅಲ್ಲಿಯ ಲೇಖಕರು ವರ್ಷಗಟ್ಟಲೆ ಕಾಯುತ್ತಾರೆ, ನಾನು ಹೊರಗಿನಿಂದಲೇ ನಮಸ್ಕರಿಸುತ್ತೇನೆ. ಮಾರುವ ಕಲೆ ಕಲಿಯಬೇಕೆಂದರೆ ನಿಜವಾದ ಗುರುಗಳು ಬೇರೆ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಪಕ್ಕದ ವಿಜಯಪುರದ ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರ ತಂದರು. ಮುಂದೆ ಸ್ವಂತ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿ ಬಾಡಿಗೆ ಮನೆಯಲ್ಲಿದ್ದರು. ವಕೀಲರಾಗಿದ್ದವರು ಹಾಗೆ ಮಾಡಿದ್ದರಿಂದ ನಮಗೆ ವಚನಗಳು ಓದಲು ಸಿಕ್ಕವು. ಈ ಪ್ರಸಂಗವನ್ನು ನಾನು ಮನೆಯಲ್ಲಿ ಹೇಳಿದಾಗ ನಮ್ಮ ಪ್ರಕಾಶಕರು ಮನೆಯ ಕಾಗದಪತ್ರಗಳಿದ್ದ ಕಪಾಟಿನ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಇಲ್ಲಿಂದ ವಾಡಿ ಕಡೆಯ ಗಾಡಿ ಹತ್ತಿದರೆ ಗಾಣಗಾಪುರ ರೋಡ್ ಬರುತ್ತದೆ. ಅಲ್ಲಿಳಿದು ಹೋಗುವ ಗಾಣಗಾಪುರದ ದತ್ತನ ಸನ್ನಿಧಿಯಲ್ಲಿ ಗುರುಚರಿತ್ರೆ ಖರ್ಚಾಗುವ ರೀತಿ ನೋಡಿದರೆ ಯಾವ ಲೇಖಕನಿಗಾದರೂ ಹೊಟ್ಟೆಕಿಚ್ಚಾಗಬೇಕು. ಅದನ್ನು ಮರಾಠಿಯಲ್ಲಿ ಬರೆದ ಸರಸ್ವತಿ ಗಂಗಾಧರ ಕನ್ನಡ ಮನೆಮಾತಿನವನು, ನಮ್ಮವನೇ! ಏಳು ದಿನದಲ್ಲಿ ಓದಿ ಮುಗಿಸಿದರೆ ಇಂತಿಂಥ ಫಲ ಎಂದು ಪುಸ್ತಕದಲ್ಲೇ ಇದೆ. ಬೆನ್ನುಡಿ ಎಂದರೆ ಅದು. ನನ್ನ ಬೆನ್ನುಡಿಯಲ್ಲಿ ಹಿರಿಯರೊಬ್ಬರು 'ಭರವಸೆಯ ಬರಹಗಾರ' ಎಂದು ಬರೆದಿದ್ದರು. ನನ್ನ ವಯಸ್ಸು ಅರವತ್ತು ದಾಟಿದೆ.

ಕೊನೆಗೆ ದಾರಿ ತೋರಿಸಿದ್ದು ನಮ್ಮೂರ ಮಾರ್ಕೆಟ್ ಯಾರ್ಡಿನ ಅಡತಿ ಸಾಹುಕಾರರು. ಹಸ್ತಪ್ರತಿ ಇದ್ದಾಗಲೇ ಅವರಿಗೆ ತೋರಿಸಿದ್ದೆ. ಪುಟ ತಿರುವಿ, "ಗುರುಗಳ, ತೊಗರಿ ಹಸನ ಮಾಡದ ತಂದ್ರ ಲಿಲಾವಿನ್ಯಾಗ ಯಾರೂ ಕೈ ಹಾಕಂಗಿಲ್ಲ. ಕಸಾ ಕಡ್ಡಿ ತೆಗೆದ್ರ ಚೀಲ ಸಣ್ಣದಾಗತದ, ಭಾವ ಏರತದ" ಎಂದಿದ್ದರು. ಪುಸ್ತಕ ಕೈಗೆ ಬಂದ ಮೇಲೆ ಮತ್ತೆ ಹೋದೆ. "ಮಾದರಿ ತೋರಿಸ್ದೆ ಮಾಲು ಹೆಂಗ ಮಾರ್ತೀರಿ? ಒಂದು ಮುಟಗಿ ಒಗೀರಿ ನೋಡೋಣು" ಎಂದರು. ಅಲ್ಲೇ ಚೀಲದ ಮೇಲೆ ಕೂತು ಒಂದು ಪ್ರಬಂಧ ಓದಿದೆ. ಹಮಾಲರು ಬಂದು ನಿಂತರು. ಪ್ರೆಸ್ಸಿನ ಹುಡುಗ ನಕ್ಕ ಜಾಗದಲ್ಲೇ ನಕ್ಕರು. ಶ್ರಾವಣದಲ್ಲಿ ಮಠದ ಪುರಾಣ ಕೇಳಿ ಪಳಗಿದ ಕಿವಿಗಳು ಅವು, ಎಲ್ಲಿ ಜೊಳ್ಳು ಎಂದು ಕೂಡಲೇ ಗೊತ್ತಾಗುತ್ತದೆ. ಓದು ಮುಗಿದ ಮೇಲೆ ಒಬ್ಬ ಹಮಾಲ ರೊಕ್ಕ ತೆಗೆದ. "ಕನ್ನಡ ಓದಾಕ ಬರತದೇನಪಾ?" ಎಂದೆ. "ನನಗ ಬರಂಗಿಲ್ರಿ, ಮಗಳು ಝಡ್.ಪಿ. ಕನ್ನಡ ಸಾಳಿಗಿ ಹೋಗ್ತಾಳ. ಆಕಿ ಕಡಿಂದ ಓದಸ್ತೀನಿ" ಎಂದ. ಮರಾಠಿ ಶಾಲೆಯಲ್ಲಿ ಕಲಿತ ಹುಡುಗರು ಪುಸ್ತಕ ಕೊಳ್ಳಲಿಲ್ಲ, ವಾಟ್ಸಪ್ಪಿನಲ್ಲಿ ಓದಿ ಕಳಿಸಿ ಎಂದರು. ಒಂದು ಪ್ರಬಂಧ ಓದಿ ಕಳಿಸಿದೆ. ಅದು ಎಲ್ಲೆಲ್ಲಿಗೋ ಹೋಗಿ, ಪುಣೆಯಲ್ಲಿ ನೌಕರಿಗಿರುವ ನಮ್ಮೂರವರಿಂದ, ಅವರ ಅಪ್ಪ ಅಮ್ಮನಿಗಾಗಿ, ಪುಸ್ತಕಕ್ಕೆ ಬೇಡಿಕೆ ಬಂತು. ಟಪಾಲು ಇಲಾಖೆ 2025ರಲ್ಲಿ ಪುಸ್ತಕಗಳಿಗೆಂದೇ ಜ್ಞಾನ ಪೋಸ್ಟ್ ಶುರು ಮಾಡಿದೆ, 300 ಗ್ರಾಮಿಗೆ ಇಪ್ಪತ್ತು ರೂಪಾಯಿ. ಮುನ್ನುಡಿಗಳೆಲ್ಲ ಸೇರಿಯೂ ನನ್ನ ಪುಸ್ತಕ ಆ ತೂಕದೊಳಗೇ ಬರುತ್ತದೆ.

ಈಗ ತೊಗರಿ ಹಂಗಾಮಿನಲ್ಲಿ ಸಾಹುಕಾರರ ಗಲ್ಲಾಪೆಟ್ಟಿಗೆಯ ಪಕ್ಕ ಪುಸ್ತಕದ ಕಟ್ಟು ಇರುತ್ತದೆ. ಪಟ್ಟಿ ತಗೊಳ್ಳಲು ಬಂದ ರೈತರಿಗೆ ಅವರೇ ಒಂದೊಂದು ದಾಟಿಸುತ್ತಾರೆ, ಉದ್ರಿ ಇಲ್ಲ. ಹಂಗಾಮು ಮುಗಿದ ಮೇಲೆ ನನಗೂ ಒಂದು ಪಟ್ಟಿ ಬರೆದು ಕೊಟ್ಟರು. ಮಾರಿದ ಪುಸ್ತಕಗಳ ಹಣ ಬರೆದು, ಕೆಳಗೆ ಹಮಾಲಿ ಕಳೆದು, ತೋಲಾಯಿ, ಅಂದರೆ ತೂಗಿದ ಕೂಲಿ, ಕಳೆದಿದ್ದರು. "ಸಾಹುಕಾರ್ರ, ಪುಸ್ತಕಕ್ಕ ತೋಲಾಯಿ ಎಂಥಾದ್ದು?" ಎಂದೆ.

"ತೊಗೊಂಡವರೆಲ್ಲಾ ಮದಲ ಕೈಯಾಗ ತೂಗಿ ನೋಡ್ಯಾರ್ರೀ," ಎಂದರು.