ಫೋನ್ ಮಾಡದ ಕೋರ್ಸು

ಬೆಂಗಳೂರಿನಲ್ಲಿ ಮೂವತ್ತೈದು ದಾಟಿದ ನೌಕರಿಯವನಿಗೆ ಎರಡು ಬಗೆಯ ಫೋನು ತಪ್ಪಿದ್ದಲ್ಲ. ಒಂದು, ಸೈಟು ಬೇಕಾ ಅಂತ. ಇನ್ನೊಂದು, "ಐದು ವರ್ಷದ ಮೇಲೆ ಎಲ್ಲಿರ್ತೀರಿ ಸಾರ್?" ಅಂತ. ಹೆತ್ತ ತಂದೆಯೇ ಕೇಳುವುದನ್ನು ಬಿಟ್ಟ ಪ್ರಶ್ನೆ ಅದು! ಕೇಳುವ ಹುಡುಗನಿಗೆ ಇಪ್ಪತ್ತಮೂರು ಇದ್ದೀತು. ಹುದ್ದೆ ಕೆರಿಯರ್ ಕೌನ್ಸೆಲರ್. ನಿಮ್ಮ ಅನುಭವವೆಲ್ಲ ಹಳತಾಯಿತು, ಎಐ ಕಲಿಯದಿದ್ದರೆ ಕೆಟ್ಟಿರಿ, ಬಡ್ಡಿಯಿಲ್ಲದ ಕಂತು ಉಂಟು, ರಿಯಾಯಿತಿಗೆ ಇವತ್ತೇ ಕೊನೇ ದಿನ. ಆ ಕೊನೇ ದಿನ ಮುಂದಿನ ವಾರವೂ ಬರುತ್ತದೆ, ಯುಗಾದಿಗೂ ಬರುತ್ತದೆ.

ದುಡಿಯುತ್ತ ಓದುವ ಚಾಳಿ ಈ ಊರಿಗೆ ಹೊಸದಲ್ಲ ಬಿಡಿ. ಎಚ್‌ಎಎಲ್, ಬಿಇಎಲ್, ಎಚ್‌ಎಂಟಿಗಳ ಡಿಪ್ಲೊಮಾ ಮಂದಿ ಪಾಳಿ ಮುಗಿಸಿ ಬಂದು ಎಎಂಐಇಗೆ ಓದುತ್ತಿದ್ದರು. ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ನಡೆಸುವ ಆ ಪರೀಕ್ಷೆಗೆ ಸೆಕ್ಷನ್ ಎ, ಸೆಕ್ಷನ್ ಬಿ ಎಂದು ಎರಡು ಹಂತ. ಮದುವೆ ಮನೆಯ ಪಂಕ್ತಿಯಲ್ಲಿ "ನಿಮ್ದು ಎ ಆಯ್ತಾ?" ಎನ್ನುವುದೇ ಕುಶಲೋಪರಿ. ಬಿ ಮುಗಿಯುವ ಹೊತ್ತಿಗೆ ಮಗಳು ಎಸ್ಸೆಸ್ಸೆಲ್ಸಿ. ಪಾಸಾದವರು ಎಂಜಿನಿಯರ್ ಆದರು. ಆಗದವರು ಪ್ರಶ್ನೆಪತ್ರಿಕೆಯ ವಿಮರ್ಶಕರಾದರು. ಆಮೇಲೆ ಕೊಬಾಲ್ ಬಂತು, ಜಾವಾ ಬಂತು, ಟೆಸ್ಟಿಂಗ್ ಬಂತು. ಬಿಟಿಎಂ ಲೇಔಟು, ಮಾರತ್‌ಹಳ್ಳಿಯ ಬೋರ್ಡುಗಳಲ್ಲಿ ಕೋರ್ಸಿನ ಹೆಸರು ಅಳಿಸಿ ಬರೆಯುವ ಪೇಂಟರನಿಗೆ ಮಾತ್ರ ಯಾವ ಕಾಲದಲ್ಲೂ ಕೆಲಸ ತಪ್ಪಲಿಲ್ಲ.

ತಮಾಷೆಯೆಂದರೆ, ನಿಜವಾಗಿ ಕಲಿಸುವ ಎಷ್ಟೋ ಕಡೆಯಿಂದ ಯಾರೂ ಫೋನ್ ಮಾಡುವುದಿಲ್ಲ. ಡೆನ್ಮಾರ್ಕ್ ನೆರವಿನಿಂದ 1972ರಲ್ಲಿ ಶುರುವಾದ ರಾಜಾಜಿನಗರದ ಜಿಟಿಟಿಸಿ ಇದೆ. ಟೂಲ್ ಅಂಡ್ ಡೈ, ಸಿಎನ್‌ಸಿ ಕಲಿಸಿಕೊಂಡು ತನ್ನ ಪಾಡಿಗೆ ತಾನಿದೆ. ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯ 1996ರಿಂದ ಇದೆ. ಇವರೆಲ್ಲ ಭಾರಿ ಸ್ವಾಭಿಮಾನಿಗಳು. ನಾವಾಗಿ ಫೋನ್ ಮಾಡಿದರೂ ಎತ್ತುತ್ತಾರೆಂಬ ಭರವಸೆಯಿಲ್ಲ.

ಇದ್ದುದರಲ್ಲಿ ನನ್ನ ಓಟು ಎನ್‌ಪಿಟಿಇಎಲ್‌ಗೆ. ಐಐಟಿಗಳೂ ನಮ್ಮ ಟಾಟಾ ಇನ್‌ಸ್ಟಿಟ್ಯೂಟೂ (ಅದೇ, ಐಐಎಸ್‌ಸಿ) ಸೇರಿ 2003ರಲ್ಲಿ ಶುರುಮಾಡಿದ ಆನ್‌ಲೈನ್ ಪಾಠಮಾಲೆ ಅದು. ಪಾಠ ಪುಕ್ಕಟೆ. ಪರೀಕ್ಷೆ ಬರೆಯುವುದಾದರೆ ಮಾತ್ರ 1000 ರೂಪಾಯಿ. ಪುಕ್ಕಟೆ ಎಂದಾಕ್ಷಣ ನಮ್ಮವರಿಗೆ ಅನುಮಾನ: ಲಕ್ಷ ಕೊಡದೆ ವಿದ್ಯೆ ತಲೆಗೆ ಹತ್ತುತ್ತದೆಯೇ? ಲಕ್ಷ ಕೊಟ್ಟವರು ಸೇರಿದ ದಿನವೇ ಲಿಂಕ್ಡ್‌ಇನ್‌ನಲ್ಲಿ ಫೋಟೋ ಹಾಕುತ್ತಾರೆ, ಇನ್ನೂರು ಜನ ಶಹಬ್ಬಾಸ್ ಅನ್ನುತ್ತಾರೆ, ಕೋರ್ಸು ಅಲ್ಲಿಗೆ ಮುಗಿಯುತ್ತದೆ. ಕಂತು ನಡೆಯುತ್ತಿರುತ್ತದೆ.

ಇಲ್ಲಿ ಹಾಗಾಗದು. ಹನ್ನೆರಡು ವಾರದ ಕೋರ್ಸಾದರೆ ವಾರವಾರವೂ ಅಸೈನ್‌ಮೆಂಟ್. ಅವುಗಳಲ್ಲಿ ಉತ್ತಮವಾದ ಎಂಟನ್ನಷ್ಟೇ ಲೆಕ್ಕಕ್ಕೆ ಹಿಡಿಯುವ ಕರುಣೆಯೂ ಉಂಟು. ಅದಕ್ಕೆ 25 ಅಂಕ. ಮಿಕ್ಕ 75ಕ್ಕೆ ಖುದ್ದಾಗಿ ಪರೀಕ್ಷಾ ಕೇಂದ್ರಕ್ಕೆ ಹೋಗಬೇಕು. ನನ್ನ ಸ್ನೇಹಿತರೊಬ್ಬರು, ಓದುವ ಕನ್ನಡಕದ ವಯಸ್ಸಿನವರು, ಮೆಷಿನ್ ಲರ್ನಿಂಗ್ ಹಿಡಿದರು. ಬೆಳಿಗ್ಗೆ ಮೆಟ್ರೋದಲ್ಲಿ ಪ್ರೊಫೆಸರರನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ ಕೇಳಿದರು. ಪರೀಕ್ಷೆಯ ದಿನ ಸಾಲಿನಲ್ಲಿ ನಿಂತರೆ ಮುಂದೆಯೂ ಹಿಂದೆಯೂ ಎಂಜಿನಿಯರಿಂಗ್ ಓದುವ ಮಕ್ಕಳು. ಒಬ್ಬ ಬಹಳ ವಿನಯದಿಂದ, "ಅಂಕಲ್, ಪೇರೆಂಟ್ಸ್ ಆ ಕಡೆ ಕೂತ್ಕೋಬೇಕಂತೆ" ಅಂದನಂತೆ.

ಪಾಸಾದರು. ಸರ್ಟಿಫಿಕೇಟೂ ಬಂತು. ಆದರೆ ಕಟ್ಟು ಹಾಕಿಸಿ ಗೋಡೆಗೇರಿಸುವ ಹಾಗಿಲ್ಲ. ಐಐಟಿಯವರು ಅಸೈನ್‌ಮೆಂಟಿನ ಅಂಕ, ಪರೀಕ್ಷೆಯ ಅಂಕ ಎರಡನ್ನೂ ಬೇರೆಬೇರೆಯಾಗಿ ಅಚ್ಚು ಹಾಕಿಬಿಡುತ್ತಾರೆ. ಇವರದು ಮೊದಲನೆಯದರಲ್ಲಿ 25ಕ್ಕೆ 24, ಎರಡನೆಯದರಲ್ಲಿ 75ಕ್ಕೆ 31. ಪಿಯುಸಿ ಓದುವ ಮಗಳು ಕಾಗದವನ್ನು ನಿಧಾನವಾಗಿ ನೋಡಿ, ಇಷ್ಟು ವರ್ಷ ಇವರು ಅವಳಿಗೆ ಕೇಳುತ್ತಿದ್ದ ಅದೇ ದನಿಯಲ್ಲಿ ಕೇಳಿದಳಂತೆ:

"ಅಪ್ಪಾ, ಅಸೈನ್‌ಮೆಂಟ್ ಯಾರು ಮಾಡಿಕೊಟ್ರು?"