ಓನರ್ ಗೋಡೆಗೆ ಒಂದು ಮೊಳೆ

ನಿನ್ನೆ ಮಧ್ಯಾಹ್ನ ಊಟ ಆದ್ಮೇಲೆ ನೀವು ಆಫೀಸಲ್ಲಿ ಏನು ಮಾಡ್ತಿದ್ರಿ ಅಂತ ನಂಗೊತ್ತು. ಸುಳ್ಳು ಹೇಳ್ಬೇಡಿ. ಎಕ್ಸೆಲ್ ಶೀಟನ್ನ ಮೆಲ್ಲಗೆ ಕೆಳಗಿಳಿಸಿ, ಡೆಸ್ಕ್‌ಟಾಪ್ ಮೇಲೆ ಖಾಲಿ ಜಾಗ ಹುಡುಕಿ, ಅಲ್ಲಿ ರೈಟ್ ಕ್ಲಿಕ್ ಮಾಡಿದ್ರಿ. (ಖಾಲಿ ಜಾಗ ಸಿಗೋಕೇ ಅರ್ಧ ನಿಮಿಷ ಆಯ್ತು. ಆ ವಿಷಯಕ್ಕೆ ಆಮೇಲೆ ಬರ್ತೀನಿ, ತಪ್ಪಿಸಿಕೊಳ್ಳೋಕೆ ಬಿಡಲ್ಲ.)

ಪರ್ಸನಲೈಸ್ ಅಂತಿತ್ತು, ಒತ್ತಿದ್ರಿ. ಒಳಗೆ ಹೋದ್ರೆ ಎಲ್ಲ ಬೂದಿ ಬಣ್ಣ. ಬ್ರೌಸ್ ಬಟನ್ನೇನೋ ಇದೆ, ಎಷ್ಟು ಕುಟ್ಟಿದ್ರೂ ಅಲ್ಲಾಡಲ್ಲ. ಮೇಲ್ಗಡೆ ಕೆಂಪಕ್ಷರದಲ್ಲಿ ಒಂದು ಸಾಲು: ಇಲ್ಲಿನ ಕೆಲವು ಸೆಟ್ಟಿಂಗ್ ನಿಮ್ಮ ಸಂಸ್ಥೆಯ ಕೈಲಿದೆ ಅಂತ. ಬಾಗಿಲ ಮೇಲೆ ‘ಪರ್ಸನಲ್’ ಅಂತ ಬೋರ್ಡು, ಒಳಗೆ ನಿಮ್ಮದು ಅನ್ನೋದು ಒಂದು ಚೂರೂ ಇಲ್ಲ.

ಅಷ್ಟಕ್ಕೂ ಅಲ್ಲಿದ್ದ ಚಿತ್ರ ಯಾವುದು? ಕಂಪನಿ ಲೋಗೋ. ಕೆಳಗೆ ನಾಲ್ಕು ಜನ ಒಂದೇ ಲ್ಯಾಪ್‌ಟಾಪ್ ನೋಡಿಕೊಂಡು ಹಲ್ಲು ಕಿರಿಯೋ ಫೋಟೋ. (ನಿಮ್ಮ ಆಫೀಸಲ್ಲಿ ಲ್ಯಾಪ್‌ಟಾಪ್ ನೋಡಿ ಹಾಗೆ ನಕ್ಕವರನ್ನ ಯಾವತ್ತಾದ್ರೂ ಕಂಡಿದ್ದೀರಾ?) ಮೂಲೇಲಿ ‘ಪಾಸ್‌ವರ್ಡ್ ಯಾರಿಗೂ ಹೇಳಬೇಡಿ’ ಅಂತ ಬುದ್ಧಿಮಾತು. ಅದಕ್ಕೆ ಮೂರೇ ಇಂಚು ದೂರದಲ್ಲಿ ಮಾನಿಟರಿಗೆ ನೀವು ಅಂಟಿಸಿದ ಹಳದಿ ಚೀಟಿ, ಅದರಲ್ಲಿ ಪಾಸ್‌ವರ್ಡು.

ಬೆಂಗಳೂರಲ್ಲಿ ಬಾಡಿಗೆ ಮನೇಲಿ ಇದ್ದವರಿಗೆ ಇದು ಹೊಸ ಕಥೆಯಲ್ಲ. ಹತ್ತು ತಿಂಗಳ ಅಡ್ವಾನ್ಸ್ ಎಣಿಸಿ ಕೊಟ್ಟು, ಹಾಲುಕ್ಕಿಸಿ, ಟೆಂಪೋದಿಂದ ಬೀರು ಇಳಿಸ್ತಿರೋವಾಗ ಓನರ್ ಅಂಕಲ್ ಮೆಟ್ಟಿಲ ಮೇಲೆ ನಿಂತು ಏನಂತಾರೆ? “ಎಲ್ಲ ನಿಮ್ಮನೆ ಅಂತಾನೇ ತಿಳ್ಕೊಳ್ಳಿ. ಗೋಡೆಗೆ ಮೊಳೆ ಮಾತ್ರ ಹೊಡೀಬೇಡಿ.” ಅಲ್ಲೀವರೆಗೆ ನಿಮ್ಮ ತಲೇಲಿ ಮೊಳೆ ಇರಲೇ ಇಲ್ಲ. ಅವತ್ತಿಂದ ಮೊಳೆ ಬಿಟ್ರೆ ಬೇರೇನೂ ಇಲ್ಲ.

ಈಗ ಒಂದು ಗುಟ್ಟು ಹೇಳ್ತೀನಿ. “ನಾನು ಅಡ್ಮಿನ್ ಅಲ್ವಲ್ಲ, ಅದಕ್ಕೇ ಆಗ್ತಿಲ್ಲ” ಅಂತ ಕೊರಗ್ತೀರಲ್ಲ, ಅದು ಪೂರ್ತಿ ನಿಜ ಅಲ್ಲ. ವಾಲ್‌ಪೇಪರ್ ಬದಲಾಯಿಸೋಕೆ ಅಡ್ಮಿನ್ ಆಗಬೇಕಾಗೇ ಇಲ್ಲ. ವಿಂಡೋಸ್ ಹೊಟ್ಟೆಯೊಳಗೆ ರಿಜಿಸ್ಟ್ರಿ ಅಂತ ಒಂದು ದೊಡ್ಡ ದಫ್ತರ ಇದೆ, ಅದರಲ್ಲಿ ಲಾಗಿನ್ ಆಗೋ ಪ್ರತಿಯೊಬ್ಬರಿಗೂ ಅವರದ್ದೇ ಒಂದು ಪಾಲು. ಯಾವ ಚಿತ್ರ, ಮೌಸ್ ಎಷ್ಟು ಸ್ಪೀಡು ಅನ್ನೋದೆಲ್ಲ ಅಲ್ಲೇ ಬರೆದಿರುತ್ತೆ. ಅದಕ್ಕೇ ಮನೇಲಿ ಒಂದೇ ಕಂಪ್ಯೂಟರಲ್ಲಿ ಅಣ್ಣ ಲಾಗಿನ್ ಆದ್ರೆ ಬುಲೆಟ್ ಬೈಕು, ತಂಗಿ ಲಾಗಿನ್ ಆದ್ರೆ ಬೆಕ್ಕಿನ ಮರಿ.

ಆದ್ರೆ ನಿಮ್ಮ ಪಾಲಿನ ಒಳಗೇ ‘ಪಾಲಿಸೀಸ್’ ಅಂತ ಒಂದು ಕೋಣೆ ಇದೆ. ಬಾಡಿಗೆ ಮನೇಲಿ ಓನರ್ ತನ್ನ ಹಳೇ ಸಾಮಾನು ತುಂಬಿ ಬೀಗ ಜಡಿದಿಟ್ಟ ರೂಮು ಇರುತ್ತಲ್ಲ, ಹಾಗೆ. ಕಿಟಕೀಲಿ ಇಣುಕಬಹುದು, ಒಳಗೆ ಕಾಲಿಡೋ ಹಾಗಿಲ್ಲ. ನಿಮ್ಮ ಗೋಡೆಗೆ ಇಂಥದ್ದೇ ಚಿತ್ರ, ಇವರು ಮುಟ್ಟಕೂಡದು ಅಂತ ಐಟಿಯವರು ಬರೆದಿಡೋದು ಆ ರೂಮಲ್ಲಿ. ಅಡ್ಮಿನ್ ಬೀಗ ಇರೋದು ಚಿತ್ರಕ್ಕಲ್ಲ ಸ್ವಾಮಿ, ಆ ರೂಮಿಗೆ.

ಅದನ್ನ ಅವರು ನಿಮ್ಮ ಸೀಟಿಗೆ ಬಂದು ಬರೆಯೋದೂ ಇಲ್ಲ. ಗ್ರೂಪ್ ಪಾಲಿಸಿ ಅಂತ ಸರ್ವರಲ್ಲಿ ಒಂದ್ಸಲ ಬರೆದ್ರೆ ಮುಗೀತು. ನಿಮ್ಮ ಕಂಪ್ಯೂಟರ್ 90 ನಿಮಿಷಕ್ಕೊಮ್ಮೆ ತಾನಾಗೇ ಹೋಗಿ “ಹೊಸ ಆರ್ಡರ್ ಏನಾದ್ರೂ ಇದ್ಯಾ ಸಾರ್” ಅಂತ ಕೇಳಿ ಬರುತ್ತೆ. ಎಲ್ಲ ಕಂಪ್ಯೂಟರೂ ಒಟ್ಟಿಗೆ ಹೋಗಿ ಬಾಗಿಲು ಬಡಿದ್ರೆ ಸರ್ವರ್ ಸುಸ್ತಾಗುತ್ತೆ ಅಂತ ಆ 90ರ ಮೇಲೆ 30 ನಿಮಿಷದವರೆಗೆ ಮನಸ್ಸಿಗೆ ಬಂದಷ್ಟು ಸೇರಿಸಿಕೊಳ್ಳುತ್ತೆ. (ಇಷ್ಟು ನಿಯತ್ತಿನ ಬಾಡಿಗೆದಾರ ಯಾವ ಓನರಿಗೆ ಸಿಕ್ಕಾನು ಹೇಳಿ.)

ಮುಂಬಾಗಿಲು ಮುಚ್ಚಿದ್ರೇನಂತೆ, ಹಿತ್ತಲ ಬಾಗಿಲು ಇದೆಯಲ್ಲ ಅಂತೀರಾ? ಇದೆ, ಕೆಲವು ಮನೇಲಿ. ದುಡ್ಡು ಕೊಟ್ಟು ಆ್ಯಕ್ಟಿವೇಟ್ ಮಾಡದ ವಿಂಡೋಸ್ 10 ಪರ್ಸನಲೈಸ್ ಪುಟಕ್ಕೆ ಬೀಗ ಹಾಕಿರುತ್ತೆ. ಆದ್ರೆ ಫೋಲ್ಡರಲ್ಲಿರೋ ಫೋಟೋ ಮೇಲೇ ರೈಟ್ ಕ್ಲಿಕ್ ಮಾಡಿ ‘ಸೆಟ್ ಆ್ಯಸ್ ಡೆಸ್ಕ್‌ಟಾಪ್ ಬ್ಯಾಕ್‌ಗ್ರೌಂಡ್’ ಅಂದ್ರೆ ಕಮಕ್ ಕಿಮಕ್ ಅನ್ನದೆ ಹಾಕಿಕೊಡುತ್ತೆ. ಎಸ್‌ಪಿ ರೋಡಲ್ಲಿ ಅಸೆಂಬಲ್ ಮಾಡಿಸಿದ ಕಂಪ್ಯೂಟರ್ ಮನೇಲಿ ಇದ್ದವರಿಗೆ ಇದು ಗೊತ್ತು. (ಗೊತ್ತಿಲ್ಲ ಅಂತ ತಲೆ ಆಡಿಸ್ತಿದ್ದೀರಲ್ಲ, ಬಲಗಡೆ ಕೆಳಗೆ ಆ ‘ಆ್ಯಕ್ಟಿವೇಟ್ ವಿಂಡೋಸ್’ ಅನ್ನೋ ಮಸುಕು ಅಕ್ಷರ ಎಷ್ಟು ವರ್ಷದಿಂದ ಇದೆ?)

ಪೇಂಟಲ್ಲಿ ಚಿತ್ರ ತೆರೆದು ಫೈಲ್ ಮೆನುವಿನಿಂದ ಹಾಕೋದು ಇನ್ನೊಂದು ದಾರಿ. ಫೈರ್‌ಫಾಕ್ಸಲ್ಲಿ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡೋದು ಮತ್ತೊಂದು. ಆಫೀಸಲ್ಲಿ ಗ್ರೂಪ್ ಪಾಲಿಸಿ ಸರಿಯಾಗಿ ಹಾಕಿದ್ರೆ ಇವು ಯಾವುವೂ ಉಳಿಯಲ್ಲ. ಹಾಗಂತ ‘ಫ್ರೀ ವಾಲ್‌ಪೇಪರ್ ಚೇಂಜರ್’ ಅಂತ ಎಲ್ಲಿಂದಲೋ ಏನನ್ನೋ ಇಳಿಸಿಕೊಂಡು ಓಡಿಸೋಕೆ ಮಾತ್ರ ಹೋಗ್ಬೇಡಿ. ಚಿತ್ರಕ್ಕೆ ಯಾರೂ ಬೈಯಲ್ಲ, ಅದರ ಜೊತೆ ಬರೋ ವೈರಸ್ಸಿಗೆ ಎಚ್‌ಆರ್ ಕಡೆಯಿಂದ ಮೇಲ್ ಬರುತ್ತೆ.

ನಾನೇನು ಸಾಚಾ ಅಲ್ಲ. ಹಾಕಿರೋ ಚಿತ್ರದ ಒಂದು ಕಾಪಿಯನ್ನ ವಿಂಡೋಸ್ ನಮ್ಮ ಪಾಲಿನ ಥೀಮ್ಸ್ ಅನ್ನೋ ಫೋಲ್ಡರಲ್ಲಿ ಬಚ್ಚಿಟ್ಟಿರುತ್ತೆ. ಫೈಲಿನ ಹೆಸರು ಟ್ರಾನ್ಸ್‌ಕೋಡೆಡ್‌ವಾಲ್‌ಪೇಪರ್, ಹಿಂದೆ ಜೆಪೆಗ್ ಅನ್ನೋ ಬಾಲ ಕೂಡ ಇಲ್ಲ. ಒಂದು ಶುಕ್ರವಾರ ಸಂಜೆ ಅದನ್ನ ಪಕ್ಕಕ್ಕೆ ಸರಿಸಿ, ನನ್ನದೊಂದು ಫೋಟೋದ ಬಾಲ ಕತ್ತರಿಸಿ, ಅದೇ ಹೆಸರಿಟ್ಟು ಅಲ್ಲಿ ಕೂರಿಸಿದೆ. ಎಕ್ಸ್‌ಪ್ಲೋರರನ್ನ ಒಂದ್ಸಲ ಮಲಗಿಸಿ ಎಬ್ಬಿಸಿದೆ. ಬಂತು ನೋಡಿ!

ಯಾವ ಫೋಟೋ ಅಂತೀರಾ? ಮಳೆಗಾಲದಲ್ಲಿ ಜೋಗಕ್ಕೆ ಹೋದಾಗ ತೆಗೆದದ್ದು. ಮಳೆಗಾಲದ ಜೋಗ ನಿಮಗೆ ಗೊತ್ತಲ್ಲ, ರಾಜ ಇಲ್ಲ, ರಾಣಿ ಇಲ್ಲ, ರೋರರ್ ಇಲ್ಲ, ರಾಕೆಟ್ ಇಲ್ಲ, ಇರೋದೆಲ್ಲ ಮಂಜು. ಪಕ್ಕದ ಸೀಟಿನವ ಬಗ್ಗಿ ನೋಡಿ “ನಿಂದು ವಾಲ್‌ಪೇಪರ್ ಲೋಡೇ ಆಗಿಲ್ವಲ್ಲೋ, ಬರೀ ಬೆಳ್ಳಗಿದೆ” ಅಂದ. ನನಗೆ ಮಾತ್ರ ಆ ಬಿಳಿ ನೋಡಿದಷ್ಟೂ ಕಣ್ಣು ತುಂಬ್ತಿತ್ತು.

ಸೋಮವಾರ ಬೆಳಗ್ಗೆ ಲಾಗಿನ್ ಆದೆ. ಲೋಗೋ ವಾಪಸ್. ನಾಲ್ಕು ಜನ ಇನ್ನೂ ನಗ್ತಿದ್ರು, ಮೊದಲಿಗಿಂತ ಸ್ವಲ್ಪ ಜಾಸ್ತಿಯೇ.

ಸರಿ, ಮರ್ಯಾದಸ್ಥರ ಹಾಗೆ ಕೇಳೋಣ ಅಂತ ಐಟಿಗೆ ಟಿಕೆಟ್ ರೈಸ್ ಮಾಡಿದೆ. ಫಾರ್ಮಲ್ಲಿ ‘ಬಿಸಿನೆಸ್ ಜಸ್ಟಿಫಿಕೇಶನ್’ ಅಂತ ಒಂದು ಕಾಲಂ, ಪಕ್ಕದಲ್ಲಿ ಕೆಂಪು ನಕ್ಷತ್ರ, ತುಂಬದೆ ಮುಂದೆ ಬಿಡಲ್ಲ. ಜೋಗದ ಮಂಜಿನಿಂದ ಕಂಪನಿಗೇನು ಲಾಭ ಅಂತ ಬರೀಲಿ? ‘ಕಣ್ಣಿಗೆ ತಂಪು’ ಅಂತ ಬರೆದೆ. ಅದು ಅಪ್ರೂವಲ್‌ಗೆ ಮ್ಯಾನೇಜರ್ ಹತ್ರ ಹೋಯ್ತು. ಅವರು ಕರೆದು ಕೇಳಿದ್ದು ಒಂದೇ ಮಾತು: “ಏನ್ರೀ, ಈಗ ಕೆಲಸ ಸ್ವಲ್ಪ ಕಮ್ಮಿ ಇದ್ಯಾ?”

ಮೂರನೇ ದಿನ ಟಿಕೆಟ್ ಮುಚ್ಚಿಹೋಗಿತ್ತು. ಸ್ಟೇಟಸ್ಸು, ‘ರಿಸಾಲ್ವ್ಡ್’. ಏನು ರಿಸಾಲ್ವ್ ಆಯ್ತೋ ಆ ಜೋಗದ ರಾಜನೇ ಬಲ್ಲ. ಹಿಂದೆಯೇ ಸೇವೆ ಹೇಗಿತ್ತು ಅಂತ ಕೇಳೋ ಮೇಲು. ನಾನು ಐದಕ್ಕೆ ಐದು ನಕ್ಷತ್ರ ಕೊಟ್ಟೆ. (ನಗಬೇಡಿ, ನೀವೂ ಕೊಡ್ತೀರಿ. ನಾಳೆ ಪ್ರಿಂಟರ್ ಕೈ ಕೊಟ್ರೆ ಅದೇ ಐಟಿ ಹುಡುಗ ತಾನೇ ಬರಬೇಕು?)

ಆ ಹುಡುಗನ ಕಷ್ಟವನ್ನೂ ಸ್ವಲ್ಪ ಕೇಳಿ. ಎಷ್ಟೋ ಆಫೀಸಲ್ಲಿ ವಾಲ್‌ಪೇಪರ್ ಮೂಲೇಲಿ ಕಂಪ್ಯೂಟರಿನ ಹೆಸರು, ಐಪಿ ನಂಬರ್ ಅಚ್ಚಾಗಿರುತ್ತೆ. ಮೈಕ್ರೋಸಾಫ್ಟಿನ ಬಿಜಿಇನ್ಫೋ ಅನ್ನೋ ಪುಟ್ಟ ಸಾಫ್ಟ್‌ವೇರ್ ಮಾಡೋ ಕೆಲಸ ಅದು. ಫೋನಲ್ಲಿ “ಸಾರ್, ನಿಮ್ಮ ಸಿಸ್ಟಮ್ ಹೆಸರೇನು” ಅಂತ ಅವನು ಕೇಳಿದ್ರೆ ನೀವು ಮಾನಿಟರ್ ಕಂಪನಿ ಹೆಸರು ಓದಿ ಹೇಳ್ತೀರಲ್ಲ, ಅದಕ್ಕೇ ಬಂದ ಔಷಧಿ. ಇನ್ನು ಕ್ಲೈಂಟ್ ಮೀಟಿಂಗಲ್ಲಿ ಸ್ಕ್ರೀನ್ ಶೇರ್ ಮಾಡಿದಾಗ ಗೋವಾ ಟ್ರಿಪ್ಪಿನ ಫೋಟೋ ಕಂಡದ್ದು ಯಾರದ್ದು ಅಂತ ನಾನು ಹೇಳಲ್ಲ ಬಿಡಿ.

ಮೊಳೆ ಹೊಡೆಯೋದು ಹೇಗೆ ಅಂತ ಕಲೀಬೇಕಾದ್ರೆ ನಮ್ಮ ಅಕೌಂಟ್ಸ್ ಮೇಡಂ ಹತ್ರ ಕಲೀಬೇಕು. ಅವರ ಡೆಸ್ಕ್‌ಟಾಪಲ್ಲಿ ಶೃಂಗೇರಿ ಶಾರದಮ್ಮ ಇದ್ಲು. ಬೆಳಗ್ಗೆ ಬಂದು, ಬ್ಯಾಗ್ ಕೆಳಗಿಟ್ಟು, ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ ಕೈ ಮುಗಿದ ಮೇಲೇ ಟ್ಯಾಲಿ ಓಪನ್ ಆಗ್ತಿದ್ದದ್ದು. ಪಾಲಿಸಿ ಬಂದ ದಿನ ಅಮ್ಮನ ಜಾಗದಲ್ಲಿ ಆ ನಾಲ್ಕು ಜನ. ಮೇಡಂ ಒಂದು ಮಾತೂ ಆಡಲಿಲ್ಲ. ಮಾರನೇ ದಿನ ಲ್ಯಾಮಿನೇಟ್ ಮಾಡಿಸಿದ ಚಿಕ್ಕ ಫೋಟೋ ತಂದು ಮಾನಿಟರ್ ಕೆಳಗೆ ಡಬಲ್ ಸೈಡ್ ಟೇಪ್ ಹಾಕಿ ಅಂಟಿಸಿದ್ರು.

ಆಯುಧಪೂಜೆಗೆ ಮಾನಿಟರಿಗೆ ಸೇವಂತಿಗೆ ಹಾರ ಬಿತ್ತು, ಅಂಚಿಗೆ ಅರಿಶಿನ ಕುಂಕುಮ ಬಿತ್ತು. ಕುಂಕುಮ ಸರಿಯಾಗಿ ಕಂಪನಿಯ ಬಾರ್‌ಕೋಡ್ ಸ್ಟಿಕ್ಕರಿನ ಮೇಲೆ. ಆಡಿಟ್‌ಗೆ ಬಂದ ಐಟಿ ಹುಡುಗ ಸ್ಕ್ಯಾನರ್ ಹಿಡಿದು ಹಿಡಿದು ಸಾಕಾಗಿ “ಮೇಡಂ, ಸ್ಕ್ಯಾನ್ ಆಗ್ತಿಲ್ಲ” ಅಂತ ಉಗುರಲ್ಲಿ ಕೆರೆಯೋಕೆ ಹೋದ. ಮೇಡಂ ಕನ್ನಡಕದ ಮೇಲಿಂದ ನೋಡಿ “ಕೈ ಮುಗಿದು ಮಾಡಪ್ಪ, ಆಗುತ್ತೆ” ಅಂದ್ರು. ಅವನು ನಂಬರ್ ಕೈಯಲ್ಲೇ ಬರ್ಕೊಂಡು ಹೋದ.

ಮೇಡಮ್ಮಿಗೆ ಬೇಕಾಗಿದ್ದದ್ದು ಚಿತ್ರ. ನಿಮಗೆ? ಈಗ ಎದೆ ಮುಟ್ಟಿಕೊಂಡು ಹೇಳಿ. ಹಾಕೋ ಸ್ವಾತಂತ್ರ್ಯ ಇದ್ದ ಕಾಲದಲ್ಲಿ ನೀವು ಹಾಕಿದ್ದಾದ್ರೂ ಏನು? ಸೈಬರ್ ಕೆಫೆ ಜ್ಞಾಪಕ ಮಾಡಿಕೊಳ್ಳಿ. ಗಂಟೆ ಲೆಕ್ಕದಲ್ಲಿ ದುಡ್ಡು, ಪ್ಲೈವುಡ್ ಗೂಡು, ಅಂಟಂಟು ಕೀಬೋರ್ಡು, ಎದುರಿಗೆ ಹಸಿರು ಗುಡ್ಡ, ನೀಲಿ ಆಕಾಶ, ಹತ್ತಿ ಹಾಗೆ ಮೋಡ. ಕರ್ನಾಟಕದ ಯಾವ ಊರಿಗೆ ಹೋಗಿ ಯಾವ ಕಂಪ್ಯೂಟರ್ ಆನ್ ಮಾಡಿದ್ರೂ ಅದೇ ಗುಡ್ಡ.

ಮಳೆ ಬಿಟ್ಟ ಮೇಲಿನ ಕುದುರೆಮುಖ ಅಂತಾನೇ ನಾನು ಬಹಳ ದಿನ ನಂಬಿದ್ದೆ. ಅದು ಕ್ಯಾಲಿಫೋರ್ನಿಯಾದ ಸೊನೋಮಾ ಅಂತೆ. ಚಾರ್ಲ್ಸ್ ಓರಿಯರ್ ಅನ್ನೋ ಫೋಟೋಗ್ರಾಫರ್ 1996ರಲ್ಲಿ ಗೆಳತಿಯನ್ನ ನೋಡೋಕೆ ಕಾರಲ್ಲಿ ಹೋಗ್ತಾ, ದಾರೀಲಿ ನಿಲ್ಲಿಸಿ ಫಿಲ್ಮ್ ಕ್ಯಾಮೆರಾದಲ್ಲಿ ತೆಗೆದದ್ದು. ಅಲ್ಲಿದ್ದ ದ್ರಾಕ್ಷಿ ಬಳ್ಳಿಯ ಬೇರಿಗೆ ಫೈಲೊಕ್ಸೆರಾ ಹುಳ ಬಿದ್ದು ತೋಟ ಕಿತ್ತು ಹಾಕಿದ್ರಂತೆ, ಅದಕ್ಕೇ ಅಷ್ಟು ಹುಲ್ಲು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆ ಬಂದ ಆ ಗುಡ್ಡವನ್ನ ಬದಲಾಯಿಸಬೇಡಿ ಅಂತ ನಮ್ಮ ಮನೆಯ ಕಂಪ್ಯೂಟರಲ್ಲಿ ಯಾರೂ ತಡೆದಿರಲಿಲ್ಲ. ನಾವೂ ಬದಲಾಯಿಸಲಿಲ್ಲ.

ಆಮೇಲೆ 2009ರಲ್ಲಿ ಬಂತು ವಿಂಡೋಸ್ 7 ಸ್ಟಾರ್ಟರ್, ಆ ಅಂಗೈಯಗಲದ ನೆಟ್‌ಬುಕ್‌ಗಳಿಗೆ ಅಂತ. ಅದರಲ್ಲಿ ವಾಲ್‌ಪೇಪರ್ ಬದಲಾಯಿಸೋ ಸೌಕರ್ಯವನ್ನೇ ಮೈಕ್ರೋಸಾಫ್ಟ್ ಕೊಡಲಿಲ್ಲ. ಬೇಕಾದ್ರೆ ಇನ್ನಷ್ಟು ದುಡ್ಡು ಕೊಟ್ಟು ಮೇಲಿನ ಎಡಿಷನ್ ತಗೊಳ್ಳಿ ಅಂತು. ಎಂಟು ವರ್ಷ ಗುಡ್ಡ ನೋಡ್ಕೊಂಡು ತೆಪ್ಪಗಿದ್ದ ನನ್ನ ಭಾವ ಅಂಥದ್ದೊಂದು ನೆಟ್‌ಬುಕ್ ತಂದ ದಿನ ರಾತ್ರಿ ಎರಡು ಗಂಟೆವರೆಗೆ ಕೂತು ಅದರ ಚಿತ್ರ ಬದಲಾಯಿಸೋ ಉಪಾಯ ಹುಡುಕಿದ. ಬೆಳಗ್ಗೆ ಯಾವ ಚಿತ್ರ ಹಾಕ್ತೀಯೋ ಅಂತ ಕೇಳಿದ್ರೆ, “ಅದಿನ್ನೂ ಯೋಚನೆ ಮಾಡಿಲ್ಲ ಕಣೋ” ಅಂದ.

ಬಿಡಿ, ಭಾವನ ಮಾತು ಯಾಕೆ. ಈಗ ನಿಮ್ಮ ಮನೆಯ ಲ್ಯಾಪ್‌ಟಾಪ್ ತೆಗೀರಿ. ಹೂಂ, ಆ ಇಎಂಐ ಮುಗಿದದ್ದು, ಸೋಫಾ ಪಕ್ಕದಲ್ಲಿ ಧೂಳು ತಿಂತಿರೋದು. ಅದಕ್ಕೆ ಐಟಿ ಇಲ್ಲ, ಪಾಲಿಸಿ ಇಲ್ಲ, ಓನರ್ ಅಂಕಲ್ಲೂ ಇಲ್ಲ. ಅಡ್ಮಿನ್ ನೀವೇ. ವಿಂಡೋಸ್ ಕೀ ಹಿಡ್ಕೊಂಡು ‘ಡಿ’ ಒತ್ತಿ. ತೆರೆದಿರೋ ಕಿಟಕಿಗಳೆಲ್ಲ ಒಟ್ಟಿಗೆ ಕೆಳಗಿಳಿಯುತ್ತೆ.

ಏನು ಕಾಣ್ತು? ಅಂಗಡಿಯಿಂದ ತಂದ ದಿನ ಇದ್ದ ಅದೇ ನೀಲಿ ಹೂವು ತಾನೇ? ಅದಾದ್ರೂ ಎಲ್ಲಿ ಪೂರ್ತಿ ಕಾಣುತ್ತೆ? ‘ನ್ಯೂ ಫೋಲ್ಡರ್’, ‘ನ್ಯೂ ಫೋಲ್ಡರ್ 2’, ‘ರೆಸ್ಯೂಮೆ ಫೈನಲ್’, ‘ರೆಸ್ಯೂಮೆ ಫೈನಲ್ ಫೈನಲ್’, ಅತ್ತೆಯವರ ಆಧಾರ್ ಸ್ಕ್ಯಾನ್, 2022ರ ಕರೆಂಟ್ ಬಿಲ್ಲು. ಇವುಗಳ ಸಂದೀಲಿ ಒಂದೆರಡು ಎಸಳು ಇಣುಕ್ತಿದೆ ಅಷ್ಟೆ. ಎಡಗಡೆ ಮೇಲೆ ರೀಸೈಕಲ್ ಬಿನ್ನೂ ತುಂಬಿ ತುಳುಕ್ತಿದೆಯಲ್ರೀ, ಅದನ್ನ ಖಾಲಿ ಮಾಡೋಕೂ ಯಾರದ್ದಾದ್ರೂ ಪರ್ಮಿಷನ್ ಬೇಕಾ?