ಸಕ್ಕರೆ ಸೀಮೆಯಲ್ಲಿ ಸೈಕಲ್ಲು

ಫ್ರಾನ್ಸಿನವರು ದ್ರಾಕ್ಷಿತೋಟಗಳ ನಡುವೆ ಸೈಕಲ್ಲಿಗೆಂದೇ ದಾರಿ ಮಾಡಿಟ್ಟಿದ್ದಾರೆ. ಬರ್ಗಂಡಿ ಸೀಮೆಯಲ್ಲಿ ಬೋನ್ ಪಟ್ಟಣದಿಂದ ಸಾಂತ್ನೆ ಎಂಬ ಹಳ್ಳಿಗೆ ಇಪ್ಪತ್ತು ಚಿಲ್ಲರೆ ಕಿಲೋಮೀಟರಿನದೊಂದು. ಲ್ವಾರ್ ನದಿಯ ಪಕ್ಕ ಬಿಡದೆ ಸಮುದ್ರದವರೆಗೂ ಹೋಗುವ ಸುಮಾರು 900 ಕಿ.ಮೀ.ನದು ಇನ್ನೊಂದು. ಬೋರ್ಡೊ ಪಕ್ಕದಲ್ಲಿ ಹಳೇ ರೈಲುದಾರಿಯನ್ನೇ ಸೈಕಲ್ ದಾರಿ ಮಾಡಿ, ಅದಕ್ಕೆ ರೋಜೆ ಲಾಪೆಬಿ ಎಂಬ ಸವಾರನ ಹೆಸರಿಟ್ಟಿದ್ದಾರೆ. ಆತ 1937ರಲ್ಲಿ ಟೂರ್ ದ ಫ್ರಾನ್ಸ್ ಗೆದ್ದವನು. ಓಡುತ್ತಿರುವಾಗಲೇ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಗೇರಿಗೆ ಆ ಪಂದ್ಯದಲ್ಲಿ ಅಪ್ಪಣೆ ಸಿಕ್ಕಿದ್ದೂ ಅದೇ ವರ್ಷ. ಅಲ್ಲಿಯವರೆಗೆ ಪಾಪ, ಗುಡ್ಡ ಬಂದರೆ ಇಳಿದು ಹಿಂದಿನ ಚಕ್ರ ಬಿಚ್ಚಿ ತಿರುಗಿಸಿ ಹಾಕಿಕೊಳ್ಳುತ್ತಿದ್ದರಂತೆ.

ಇಷ್ಟನ್ನೂ ನನ್ನ ತಲೆಗೆ ತುಂಬಿದವನು ತುಲೂಸಿನಲ್ಲಿ ವಿಮಾನದ ಕೆಲಸಕ್ಕಿರುವ ನಮ್ಮಕ್ಕನ ಮಗ. ಭಾನುವಾರ ಬಂತೆಂದರೆ ಫೋನಿನಲ್ಲಿ ಅವನ ಮುಖಕ್ಕಿಂತ ಮುಂಚೆ ದ್ರಾಕ್ಷಿತೋಟ ಕಾಣಿಸುತ್ತದೆ. "ನೋಡು ಮಾವ, ಒಂದು ನರಪಿಳ್ಳೆ ಇಲ್ಲ. ಎಷ್ಟು ಪ್ರಶಾಂತ!" ಅನ್ನುತ್ತಾನೆ. ನಾನು ನೋಡುತ್ತೇನೆ. ನಿಜವಾಗಿಯೂ ಒಂದು ನರಪಿಳ್ಳೆ ಇಲ್ಲ. ದಾರಿ ತಪ್ಪಿದರೆ ಕೇಳುವುದು ಯಾರನ್ನ ಅಂತ ನನಗೆ ಗಾಬರಿ.

ಅವನಿಗೆ ಗೊತ್ತಿಲ್ಲದ್ದೇನಲ್ಲ, ನಮ್ಮ ಶಿವಪುರದ ಸುತ್ತಲೂ ಇಂಥ ದಾರಿಗಳಿವೆ. ಮದ್ದೂರಿಗೆ ಅಂಟಿಕೊಂಡ, ಶಿಂಷಾ ಹೊಳೆ ಬದಿಯ ಊರು ನಮ್ಮದು. ಬೆಂಗಳೂರು–ಮೈಸೂರು ರಸ್ತೆಯಲ್ಲಿ ಓಡಾಡಿದವರು ಸತ್ಯಾಗ್ರಹ ಸೌಧವನ್ನು ಕಿಟಕಿಯಿಂದ ನೋಡಿರುತ್ತಾರೆ; ಇಳಿದು ನೋಡಿದವರು ಕಡಿಮೆ, ಏಕೆಂದರೆ ಅಷ್ಟು ಹೊತ್ತಿಗೆ ಮನಸ್ಸು ಮದ್ದೂರು ವಡೆಯ ಕಡೆ ಹೋಗಿರುತ್ತದೆ. ಲಾಪೆಬಿ ಗೇರು ಹಾಕಿ ಗೆದ್ದ ಮರುವರ್ಷ, 1938ರ ಏಪ್ರಿಲ್‌ನಲ್ಲಿ, ಮೈಸೂರು ಕಾಂಗ್ರೆಸ್ಸಿನವರು ಇಲ್ಲಿ ಅಧಿವೇಶನ ಕರೆದು, ಬಾವುಟ ಹಾರಿಸಬಾರದು ಎಂಬ ಸರ್ಕಾರದ ಹುಕುಂ ಮೀರಿ ಹಾರಿಸಿದರು. ಅಧ್ಯಕ್ಷರಾಗಿದ್ದ ಟಿ. ಸಿದ್ದಲಿಂಗಯ್ಯನವರನ್ನು ಪೊಲೀಸರು ಹಿಡಿದುಕೊಂಡು ಹೋದರು. ಅದೇ ತಿಂಗಳ 25ಕ್ಕೆ, ಇದೇ ಬಾವುಟದ ವಿಷಯಕ್ಕೆ, ವಿದುರಾಶ್ವತ್ಥದಲ್ಲಿ ಜನರ ಮೇಲೆ ಗುಂಡು ಹಾರಿತು. ಅದಾದ ಮೇಲೆ ದಿವಾನ್ ಮಿರ್ಜಾ ಸಾಹೇಬರು ವಲ್ಲಭಭಾಯಿ ಪಟೇಲರ ಜೊತೆ ಕೂತು ರಾಜಿಯಾದರು. ಊರಿನ ಚರಿತ್ರೆ ಹೀಗಿರುವುದರಿಂದ, 'ಇಲ್ಲಿ ಪ್ರವೇಶವಿಲ್ಲ' ಎಂಬ ಬೋರ್ಡು ಕಂಡರೆ ನಮ್ಮವರಿಗೆ ಇವತ್ತಿಗೂ ಒಂದು ಕ್ಷಣ ಕೈ ನವೆಯುತ್ತದೆ.

ಅಂಥ ಬೋರ್ಡು ಈಗ ಬಂದಿದೆ. 2023ರ ಮಾರ್ಚ್‌ನಲ್ಲಿ ಹೊಸ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರು, ಎತ್ತಿನಗಾಡಿ, ಸೈಕಲ್ಲು ಯಾವುದೂ ಅದರ ಮುಖ್ಯ ದಾರಿಗೆ ಹತ್ತುವಂತಿಲ್ಲ. ಅಂದರೆ ನಮ್ಮ ಮಂಡ್ಯ ಜಿಲ್ಲೆಯಲ್ಲಿ ಏನೇನು ಓಡುತ್ತದೋ ಅದೆಲ್ಲವನ್ನೂ ಬಿಟ್ಟು ಮಿಕ್ಕದ್ದಕ್ಕೆ ಆ ರಸ್ತೆ. ಸತ್ಯಾಗ್ರಹ ಯಾರೂ ಮಾಡಲಿಲ್ಲ. ಮಾಡಬೇಕಾಗಿಯೂ ಇರಲಿಲ್ಲ. ಅವಸರದವರೆಲ್ಲ ಅತ್ತ ಹೋದ ಮೇಲೆ ಇತ್ತಲಿನ ದಾರಿಗಳು ನಮ್ಮ ಪಾಲಿಗೆ ಉಳಿದವು. ಫ್ರಾನ್ಸಿನಲ್ಲಿ ದುಡ್ಡು ಸುರಿದು ಮಾಡುವ ಸದ್ದಿಲ್ಲದ ದಾರಿ ನಮಗೆ ಬಿಟ್ಟಿ ಸಿಕ್ಕಿದೆ. ವಡೆ ಅಂಗಡಿಯವರ ಹತ್ತಿರ ಮಾತ್ರ ಈ ಮಾತು ಆಡಬೇಡಿ. 1917ರಲ್ಲಿ ಮದ್ದೂರು ರೈಲ್ವೆ ಸ್ಟೇಷನ್ನಿನಲ್ಲಿ ಹುಟ್ಟಿತು ಎನ್ನುವ ಆ ವಡೆ, ವಾಹನ ನಿಲ್ಲುವುದನ್ನೇ ನಂಬಿ ಬದುಕಿದ್ದು.

ನಮ್ಮ ದ್ರಾಕ್ಷಿ ಎಂದರೆ ಕಬ್ಬು. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿ, ಆಮೇಲೆ ಇರ್ವಿನ್ ನಾಲೆ ಬಂದು, ಅದು ವಿಶ್ವೇಶ್ವರಯ್ಯ ನಾಲೆಯಾಗಿ, ಜನರ ಬಾಯಲ್ಲಿ ವಿ.ಸಿ. ನಾಲೆಯಾಯಿತು. ನೀರು ಬಂದಮೇಲೆ ಕಬ್ಬು, ಕಬ್ಬು ಬಂದಮೇಲೆ 1933ರಲ್ಲಿ ಮಂಡ್ಯದ ಮೈಷುಗರ್ ಕಾರ್ಖಾನೆ. ಅದರ ಹಿಂದೆ ನಿಂತವರು ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್, ಕೆನಡಾದವರು. ಸೈಕಲ್ ಸವಾರನ ಕಣ್ಣಿಂದ ನೋಡಿದರೆ ದ್ರಾಕ್ಷಿಗೂ ಕಬ್ಬಿಗೂ ದೊಡ್ಡ ವ್ಯತ್ಯಾಸ ಎತ್ತರದ್ದು. ಅವರ ಬಳ್ಳಿ ಎದೆಮಟ್ಟ. ಅದರ ಮೇಲಿಂದ ಗುಡ್ಡ, ಚರ್ಚಿನ ಗೋಪುರ, ಮುಂದಿನ ಊರು ಎಲ್ಲ ಕಾಣುತ್ತದೆ. ನಮ್ಮ ಕಬ್ಬು ಹತ್ತು ತಿಂಗಳಿಗೆ ತಲೆ ದಾಟಿ ನಿಂತಿರುತ್ತದೆ. ಎರಡೂ ಕಡೆ ಹಸಿರು ಗೋಡೆ, ಮೇಲೆ ಒಂದು ಪಟ್ಟಿ ಆಕಾಶ, ಮುಂದೆ ತಿರುವು. ತಿರುವಿನಾಚೆ ಏನಿದೆ ಎಂಬುದು ತಿರುಗಿದ ಮೇಲೆ: ಎಮ್ಮೆ ಇರಬಹುದು, ಸೊಸೈಟಿಗೆ ಹಾಲಿನ ಕ್ಯಾನು ಒಯ್ಯುವವರಿರಬಹುದು, ಬೆನ್ನಿಗೆ ಎರಡು ಟ್ರೈಲರು ಕಟ್ಟಿಕೊಂಡು ಹಾಡು ಹಾಕಿಕೊಂಡು ಬರುವ ಟ್ರ್ಯಾಕ್ಟರೂ ಇರಬಹುದು. ಚಳಿಗಾಲದಲ್ಲಿ ಸೂಲಂಗಿ ಬಂದಾಗ ಆ ಗೋಡೆಗೆ ಬೆಳ್ಳಿ ಅಂಚು. ಆಮೇಲೆ ಒಂದು ದಿನ ಕಟಾವಿನವರು ಬಂದು ಹೋಗಿರುತ್ತಾರೆ. ನಿನ್ನೆಯವರೆಗೆ ಇಲ್ಲದ ಊರೊಂದು ಗುಡಿ, ಟ್ಯಾಂಕು, ಮೊಬೈಲ್ ಟವರ್ ಸಮೇತ ಎದುರಿಗೆ ಬಂದು ನಿಂತಿರುತ್ತದೆ. ಒಂದೇ ದಾರಿಯಲ್ಲಿ ಹೋಗುತ್ತಾ ಇಷ್ಟು ಬೇರೆ ಬೇರೆ ಊರು ನೋಡುವ ಭಾಗ್ಯ ಬರ್ಗಂಡಿಯವರಿಗೆ ಇರಲಾರದು.

ತುಲೂಸಿನವನು ನಾಲೆಯ ಬಗ್ಗೆಯೂ ಜಂಬ ಕೊಚ್ಚುತ್ತಾನೆ. ಅಲ್ಲಿನ ಕನಾಲ್ ದು ಮಿದಿ 1681ರದು, 240 ಕಿ.ಮೀ. ಉದ್ದ, ದೋಣಿಗಾಗಿ ತೋಡಿದ್ದು; ಹಿಂದೆ ಕುದುರೆಗಳು ದೋಣಿ ಎಳೆದುಕೊಂಡು ನಡೆದ ದಂಡೆಯ ಮೇಲೆ ಈಗ ಸೈಕಲ್ಲು. ನಮ್ಮ ನಾಲೆ ಏರಿಯ ಮೇಲೂ ಹೋಗಬಹುದು. ಕಟ್ಟು ಪದ್ಧತಿಯಲ್ಲಿ, ಅಂದರೆ ಸರದಿಯ ಮೇಲೆ, ನೀರು ಬಿಟ್ಟ ವಾರ ಹೋದರೆ ತಂಪು ಗಾಳಿ, ಬಟ್ಟೆ ಒಗೆಯುವವರ ಸದ್ದು, ತೂಬಿನ ಮೇಲಿಂದ ಧುಮುಕುವ ಹುಡುಗರು. ಆದರೆ ಈ ಏರಿಯನ್ನು ನಾನು ಹೊಗಳುತ್ತಾ ಕೂರುವುದಿಲ್ಲ. 2018ರ ನವೆಂಬರ್‌ನಲ್ಲಿ ಪಾಂಡವಪುರದ ಕನಗನಮರಡಿ ಹತ್ತಿರ ಬಸ್ಸು ಇದೇ ನಾಲೆಗೆ ಬಿದ್ದು 30 ಜನ ಹೋದರು. ಅದರಲ್ಲಿ ಶಾಲೆ ಮಕ್ಕಳಿದ್ದರು. ತಡೆಗೋಡೆಯಿಲ್ಲದ ಕಡೆ ನಾನು ಇಳಿದು ತಳ್ಳಿಕೊಂಡೇ ಹೋಗುತ್ತೇನೆ, ಯಾರು ನಕ್ಕರೂ ಸರಿ.

ನಗುವವರು ಇದ್ದೇ ಇರುತ್ತಾರೆ. ನಮ್ಮ ದಾರಿಗಳಲ್ಲಿ ವಾಹನದ ಸದ್ದಿಲ್ಲ ನಿಜ, ಮೌನ ಮಾತ್ರ ಸಿಗುವುದಿಲ್ಲ. ಬೈಕಿನಲ್ಲಿ ಹೋಗುವವನನ್ನು ಮಾತಾಡಿಸುವಷ್ಟರಲ್ಲಿ ಅವನು ಮುಂದಿನ ಊರಿನಲ್ಲಿರುತ್ತಾನೆ. ನಡೆದು ಹೋಗುವವನಿಗೆ ಏನೋ ಕೆಲಸವಿರಬೇಕು. ಸೈಕಲ್ಲಿನವನ ವೇಗ ಮಾತ್ರ ಅರಳಿಕಟ್ಟೆಯಿಂದ ಒಂದು ಪೂರ್ತಿ ಪ್ರಶ್ನೆ ಎಸೆದು ಉತ್ತರ ತರಿಸಿಕೊಳ್ಳಲು ಹೇಳಿ ಮಾಡಿಸಿದಂತಿದೆ. "ಗಾಡಿ ಏನಾಯ್ತಣ್ಣ?" ಎನ್ನುವುದು ಮೊದಲನೆಯದು. ಗಾಡಿ ಇರುವವನು ಸೈಕಲ್ಲು ತುಳಿಯಲು ಅದು ಕೆಟ್ಟಿರಬೇಕಲ್ಲ. ಚೆನ್ನಾಗಿದೆ ಎಂದರೆ ಮುಖ ಗಂಭೀರವಾಗುತ್ತದೆ. ದನಿ ತಗ್ಗಿಸಿ ಕೇಳುತ್ತಾರೆ: "ಶುಗರ್ರಾ?"

ಸಕ್ಕರೆ ಸೀಮೆಯಲ್ಲಿ ನಲವತ್ತು ದಾಟಿದ ಗಂಡಸು ಕಾರಣವಿಲ್ಲದೆ ಸೈಕಲ್ಲು ಹತ್ತಿದ ಎಂದರೆ ಅದರ ಹಿಂದೆ ಡಾಕ್ಟರಿದ್ದಾರೆ ಎಂದೇ ಅರ್ಥ. ಇಲ್ಲ ಎಂದರೆ ನಂಬುವುದಿಲ್ಲ, ಮುಚ್ಚಿಡುತ್ತಿದ್ದಾನೆ ಅಂದುಕೊಳ್ಳುತ್ತಾರೆ. "ನಮ್ಮ ಬಾವಂಗೂ ಐತೆ, ಇನ್ನೂರ ಎಂಬತ್ತು. ಹೀರೇಕಾಯಿ ತಿನ್ನಿ" ಎಂದು ಸಮಾಧಾನ ಹೇಳುತ್ತಾರೆ. ಹೀಗೆ ಬಲ್ಲವರ ಬಾಯಿಂದ ಬಂದ ಔಷಧಿಗಳನ್ನೆಲ್ಲ ಬರೆದಿಟ್ಟಿದ್ದರೆ ಮದ್ದೂರಿನಿಂದ ಮಳವಳ್ಳಿಯವರೆಗಿನ ದಾರಿಯ ಮೇಲೆ ಒಂದು ವೈದ್ಯಗ್ರಂಥವೇ ಆಗುತ್ತಿತ್ತು: ಶಿವಪುರದಲ್ಲಿ ಮೆಂತ್ಯ, ಕೆ.ಎಂ. ದೊಡ್ಡಿಯಲ್ಲಿ ಹಾಗಲಕಾಯಿ ರಸ, ಮಳವಳ್ಳಿ ಹತ್ತಿರವಾದಂತೆ ಬಂಡೂರು ಕುರಿಯ ಕಾಲು ಸೂಪು. ಕೊನೆಯದು ಔಷಧಿ ಎಂದು ನನಗನ್ನಿಸುವುದಿಲ್ಲ, ಆದರೂ ವೈದ್ಯರ ಮಾತು ತೆಗೆದುಹಾಕಬಾರದು.

ಬೆಂಗಳೂರಿನಿಂದ ಬರುವ ಸವಾರರ ಕಥೆ ಇನ್ನೂ ಚೆಂದ. ಮೈಗಂಟಿದ ಬಟ್ಟೆ, ತಲೆಗೆ ಟೋಪಿ, ಕಾಲಿಗೆ ಟಕಟಕ ಎನ್ನುವ ಬೂಟು. ಬ್ರೆವೆ ಎಂಬ ಓಟ ಅವರದು: 200 ಕಿ.ಮೀ.ಯನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು. ನಿಯಮ ಮಾಡಿದ್ದು ಪ್ಯಾರಿಸ್ಸಿನ ಒಂದು ಕ್ಲಬ್ಬು, ಮುಗಿಸಿದ್ದು ನಿಜವೆಂದು ಒಪ್ಪುವುದೂ ಆ ಕ್ಲಬ್ಬೇ. ಅಲ್ಲಿ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಎಂಬ 1200 ಕಿ.ಮೀ. ಜಾತ್ರೆಗೆ ಬೆಂಗಳೂರಿನವರೂ ಹೋಗಿ ತುಳಿದು ಬಂದಿದ್ದಾರೆ. ದಾರಿಯಲ್ಲಿ ತಾವು ಇಂಥಲ್ಲಿಗೆ ಬಂದಿದ್ದೆವು ಎನ್ನುವುದಕ್ಕೆ ಇವರು ಒಂದು ಕಾರ್ಡಿಗೆ ಗುರುತು ಹಾಕಿಸಿಕೊಳ್ಳಬೇಕು. ಎಳನೀರು ಅಂಗಡಿಯ ಅಣ್ಣನ ಮುಂದೆ ಅಂಥ ಕಾರ್ಡು ಚಾಚಿ ಒಬ್ಬ ಹುಡುಗ ಸಹಿ ಕೇಳಿದ್ದನ್ನು ನೋಡಿದ್ದೇನೆ. ಅಣ್ಣ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿದ. "ಜಾಮೀನೇನೂ ಅಲ್ಲ ತಾನೇ?" ಎಂದ. ಅಲ್ಲ ಎಂದು ಹುಡುಗ ಆಣೆ ಮಾಡಿದ ಮೇಲೆ ಮಚ್ಚು ಕೆಳಗಿಟ್ಟು ಸಹಿ ಹಾಕಿ, ಕೆಳಗೆ ಅಂಗಡಿಯ ಫೋನ್ ನಂಬರನ್ನೂ ಬರೆದುಕೊಟ್ಟ. ಪ್ಯಾರಿಸ್ಸಿನ ಮಹನೀಯರು ಯಾವತ್ತಾದರೂ ಮದುವೆ ಆರ್ಡರು ಕೊಟ್ಟರೆ ಎಳನೀರಿಗೆ ಕೊರತೆಯಾಗುವುದಿಲ್ಲ.

ಈ ಹುಡುಗರಿಗೆ ನಾನು ಒಂದೇ ಮಾತು ಹೇಳುವುದು: ಇಷ್ಟು ದೂರ ಬಂದಿದ್ದೀರಿ, ರುದ್ರಾಕ್ಷಿಪುರದಲ್ಲಿ ತಿರುಗಿ ಒಂದು ಹನ್ನೆರಡು ಕಿಲೋಮೀಟರ್ ಒಳಗೆ ಕೊಕ್ಕರೆ ಬೆಳ್ಳೂರಿಗೆ ಹೋಗಿ ಬನ್ನಿ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಹುಣಸೆ ಮರಗಳ ಮೇಲೆ ಗೂಡು ಕಟ್ಟಿಕೊಂಡು, ಕೆಳಗೆ ಜಗಲಿಯ ಮೇಲೆ ಜನ ಹಲಸಂದೆ ಬಿಡಿಸಿಕೊಂಡು, ಯಾರಿಗೆ ಯಾರೂ ಅಡ್ಡಿಯಿಲ್ಲ. ಹಕ್ಕಿಗಳನ್ನು ಆ ಊರವರು ಬಾಣಂತನಕ್ಕೆ ಬಂದ ಮಗಳಂತೆ ನೋಡಿಕೊಳ್ಳುತ್ತಾರೆ. ಹಿಕ್ಕೆ ಹೊಲಕ್ಕೆ ಗೊಬ್ಬರ. ಹುಡುಗರು ಕೈಗಡಿಯಾರ ನೋಡಿಕೊಂಡು "ಟೈಮಿಲ್ಲ ಅಂಕಲ್" ಅನ್ನುತ್ತಾರೆ. ಎಕ್ಸ್‌ಪ್ರೆಸ್‌ವೇ ಮೇಲೆ ಇವರನ್ನು ಯಾಕೆ ಬಿಡಲಿಲ್ಲವೋ!

ಇನ್ನು ಪಾನದ ವಿಷಯ. ಫ್ರಾನ್ಸಿನಲ್ಲಿ ಊರಿಗೊಂದು ವೈನು, ಸೀಸೆಯ ಮೇಲೆ ಊರ ಹೆಸರು. ಸವಾರರು ಇಳಿದು ಗುಟುಕು ರುಚಿ ನೋಡಿ ಮುಂದೆ ಹೋಗುತ್ತಾರೆ. ನಮ್ಮ ಕಡೆ ಈಚಲ ಹೆಂಡ ಸರ್ಕಾರದ ಲೆಕ್ಕದಲ್ಲಿ ನಿಂತು ಬಹಳ ಕಾಲವಾಯಿತು, ಸಾರಾಯಿ 2007ರಲ್ಲಿ ಹೋಯಿತು. ಉಳಿದದ್ದು ಆಲೆಮನೆ. ಗಾಣದ ಹತ್ತಿರ ಲೋಟ ಹಿಡಿದು ನಿಂತರೆ ಕಬ್ಬಿನ ಹಾಲು. ಕೊಪ್ಪರಿಗೆ ಹತ್ತಿರ ನಿಂತರೆ ಬಿಸಿ ಬೆಲ್ಲ. ಸುತ್ತಲಿನ ಆಲೆಮನೆಗಳ ಬೆಲ್ಲವೆಲ್ಲ ಒಂದೇ ಮಂಡಿಗೆ ಹೋಗಿ ಮಂಡ್ಯ ಬೆಲ್ಲ ಎನ್ನಿಸಿಕೊಂಡು ಮುಂದಕ್ಕೆ ಸಾಗುತ್ತದೆ. ಇದು ಶಿವಪುರದ ಹೊಳೆಬದಿ ಕಬ್ಬಿನದು, ಇದು ಕೊಪ್ಪದ ಕೆಂಪುಮಣ್ಣಿನದು ಎಂದು ಯಾರೂ ಬರೆಯುವುದಿಲ್ಲ. ಬರೆಯಬೇಕು ಎಂದು ನನ್ನ ವಾದ. ಸಕ್ಕರೆ ಬೆರೆಸಿ, ಬಣ್ಣಕ್ಕೆ ಪುಡಿ ಹಾಕಿ ಬೆಲ್ಲ ಮಾಡುವವರಿಗೂ ಆಗ ಸ್ವಲ್ಪ ನಾಚಿಕೆಯಾದೀತು.

ಮೊನ್ನೆ ಬೆಸಗರಹಳ್ಳಿ ಕಡೆ ಹೋಗುವ ದಾರಿಯ ಒಂದು ಆಲೆಮನೆಯಲ್ಲಿ ಈ ವಾದ ಮಂಡಿಸಿದೆ. ಒಲೆಗೆ ಸಿಪ್ಪೆ ತಳ್ಳುತ್ತಿದ್ದ ಉತ್ತರಪ್ರದೇಶದ ಹುಡುಗ ಏನೂ ಅರ್ಥವಾಗದೆ ನಕ್ಕ. ಯಜಮಾನರು ಎಲ್ಲ ಅರ್ಥಮಾಡಿಕೊಂಡು ನಕ್ಕರು. ಮುತ್ತುಗದ ಎಲೆಯ ಮೇಲೆ ಒಂದು ಹಿಡಿ ಬಿಸಿ ಬೆಲ್ಲ ಎತ್ತಿ ಹಾಕಿ, ಕೊಡುವ ಮುಂಚೆ ನನ್ನ ಸೈಕಲ್ಲಿನ ಕಡೆ ಒಮ್ಮೆ ನೋಡಿದರು.

"ಶುಗರ್ ಐತಾ?"

"ಇಲ್ಲ ಗೌಡ್ರೇ."

"ಹಂಗಾರೆ ತಿನ್ನಿ. ಇದ್ರೂ ತಿನ್ನಿ, ಅತ್ಲಾಗೆ ಹೆಂಗೂ ತುಳ್ಕೊಂಡೇ ಹೋಗ್ತೀರಲ್ಲ."